ಕೇಳಿದವರಿಗೆ ಮಾತ್ರ

2018ರ ನವೆಂಬರ್ 6, ಮಂಗಳವಾರ, ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತೆರಡು ನಿಮಿಷಕ್ಕೆ ದಪ್ಪ ಪರದೆ ಎಳೆದಿದ್ದ ಶಾಲೆಯ ಫಿಸಿಕ್ಸ್ ಲ್ಯಾಬಿನ ದೀಪಗಳೆಲ್ಲ ಒಮ್ಮೆಲೇ ಆರಿಹೋದವು.

"ಅಯ್ಯೋ ದೇವರೇ!" ಎಂದು ಕತ್ತಲಲ್ಲಿ ಒಂದು ಹೆಣ್ಣುದನಿ ಕನ್ನಡದಲ್ಲಿ ಕೂಗಿತು.

"ದೇವರನ್ನ ಆಮೇಲೆ ಕರೀರಿ. ಮೊದಲು ಆ ಕೆಟಲ್ ಆಫ್ ಮಾಡಿ," ಎಂದು ಬಾಗಿಲ ಬಳಿಯಿಂದ ಬಂದ ಉತ್ತರವೂ ಕನ್ನಡದಲ್ಲೇ ಇತ್ತು.

ಬಾಗಿಲಲ್ಲಿದ್ದವರು ಅಲ್ಲಿನ ಫಿಸಿಕ್ಸ್ ಮೇಷ್ಟ್ರು. ಊರು ಬಿಟ್ಟು ಸಮುದ್ರ ದಾಟಿ ಬಂದು ನಾಲ್ಕು ವರ್ಷವಾಗಿದ್ದ ಅವರಿಗೆ, ಫೋನಿನಲ್ಲಿ ಬಿಟ್ಟರೆ ಮುಖಾಮುಖಿ ಆ ಭಾಷೆ ಕೇಳಿಯೇ ಎಷ್ಟೋ ದಿನವಾಗಿತ್ತು.

"ಹೀಟರ್ ಉರೀತಿರೋವಾಗ ಕೆಟಲ್ ಹಾಕಬಾರದು. ಈ ಕೋಣೆಯ ಫ್ಯೂಸ್ ಎರಡನ್ನೂ ತಡೆಯಲ್ಲ. ಕೇಳಬಹುದಿತ್ತಲ್ಲ?"

"ನಿಮ್ಮ ಮುಖ ನೋಡಿದ್ರೆ ಕೇಳೋ ಧೈರ್ಯ ಬರುತ್ತಾ?"

"ಕತ್ತಲಲ್ಲಿ ನನ್ನ ಮುಖ ಹೇಗೆ ಕಾಣ್ತು?"

"ದನಿಯಲ್ಲೇ ಗಂಟು ಹಾಕ್ಕೊಂಡಿದೆಯಲ್ಲ!"

ಮೇಷ್ಟ್ರು ಮೂಲೆಯ ಪೆಟ್ಟಿಗೆ ತೆರೆದು ಸ್ವಿಚ್ ಮೇಲೆತ್ತಿದರು. ಬೆಳಕು ಬಂತು. ಎದುರಿಗೆ ಒಬ್ಬಳು, ಕೆಟಲನ್ನು ಕೂಸಿನ ಹಾಗೆ ಎದೆಗವಚಿಕೊಂಡು ನಿಂತಿದ್ದಳು. ಕೆನ್ನೆಯ ಮೇಲೆ ಅರ್ಧ ನಗು, ಅರ್ಧ ಗಾಬರಿ. ಯಾವುದು ಮೊದಲು ಕರಗುತ್ತದೋ ನೋಡೋಣವೆಂದು ಅವರು ನಿಂತೇ ಇದ್ದರು. ಗಾಬರಿ ಕರಗಿತು.

ಅವಳು ವಿದ್ಯಾರ್ಥಿಗಳ ನಡುವೆ ಸೇವೆ ಮಾಡುವ ಒಂದು ಕ್ರೈಸ್ತ ಸಂಘದಿಂದ ಬಂದವಳು. ಮಂಗಳವಾರ ಊಟದ ಬಿಡುವಿನಲ್ಲಿ ಕೂಟ ನಡೆಸಲು ಶಾಲೆ ಒಪ್ಪಿತ್ತು, ಒಂದು ಷರತ್ತಿನ ಮೇಲೆ. ಯಾರನ್ನೂ ಕರೆಯುವಂತಿಲ್ಲ, ಯಾರ ಮೇಲೂ ಏನನ್ನೂ ಹೇರುವಂತಿಲ್ಲ. ತಾವಾಗಿ ಬಂದು ಕೇಳಿದವರಿಗೆ ಮಾತ್ರ ಉತ್ತರ.

"ಹಾಗಾದರೆ ಯಾರೂ ಕೇಳದಿದ್ರೆ?" ಎಂದರು ಮೇಷ್ಟ್ರು.

"ಟೀ ಕುಡಿದು ಹೋಗ್ತಾರೆ. ಟೀಗೇನು ಷರತ್ತಿಲ್ಲ."

"ನೋಡಿ ಪಾದ್ರಿಯಮ್ಮ, ನಮ್ಮಪ್ಪ ಚರ್ಚಿನ ಸಭಾಪಾಲಕರು. ಜೀವಮಾನಕ್ಕೆ ಸಾಕಾಗುವಷ್ಟು ಪ್ರಸಂಗ ಕೇಳಿದೀನಿ. ನನ್ನನ್ನ ಎಣಿಕೆಗೆ ಸೇರಿಸ್ಕೋಬೇಡಿ. ಸಾಮಾನು ಕಾಯೋಕೆ ಹಿಂದಿನ ಬೆಂಚಲ್ಲಿ ಕೂತಿರ್ತೀನಿ, ಅಷ್ಟೇ."

"ನಾನು ಪಾದ್ರಿನೂ ಅಲ್ಲ, ಅಮ್ಮನೂ ಅಲ್ಲ. ನೀವು ಕೂತಿರಿ. ನಿಮ್ಮನ್ನ ಯಾರು ಕರೆದ್ರು?"

ಆ ಹೆಸರು ಮಾತ್ರ ಹಾಗೇ ಅಂಟಿಕೊಂಡಿತು.

ಮೊದಲು ಬಂದವರು ಬೆರಳೆಣಿಕೆಯಷ್ಟು, ಅವರಲ್ಲೂ ಹೆಚ್ಚಿನವರು ಹೀಟರಿನ ಆಸೆಗೆ. ಮೇಷ್ಟ್ರು ಹಿಂದೆ ಕೂತು ಉತ್ತರಪತ್ರಿಕೆ ತಿದ್ದುವ ನೆಪ ಮಾಡುತ್ತಿದ್ದರು. ಕೆಂಪು ಪೆನ್ನು ಒಂದೇ ಪುಟದ ಮೇಲೆ ಅರ್ಧ ಗಂಟೆ ನಿಂತಿರುತ್ತಿತ್ತು. ಪಾದ್ರಿಯಮ್ಮ ಲೋಟ ಹಂಚುತ್ತಾ ಹಿಂದಿನವರೆಗೆ ಬಂದು, "ಆ ಹುಡುಗನಿಗೆ ಇವತ್ತಾದರೂ ಮಾರ್ಕ್ಸ್ ಸಿಗುತ್ತಾ ಮೇಷ್ಟ್ರೇ?" ಎಂದು ಪಿಸುಗುಟ್ಟಿ ಹೋಗುವಳು. ಅವಳು ಹೋದ ಮೇಲೆ ಟೀಯ ಬಿಸಿ ಲೋಟದಲ್ಲಿತ್ತೋ ಕಿವಿಯಲ್ಲಿತ್ತೋ ಅವರಿಗೇ ತಿಳಿಯುತ್ತಿರಲಿಲ್ಲ.

ಒಂದು ದಿನ ಗುಂಗುರು ಕೂದಲಿನ ಹುಡುಗಿಯೊಬ್ಬಳು, ಅದುವರೆಗೆ ಬಾಯಿ ಬಿಡದವಳು, ಕೇಳಿದಳು. "ನಮ್ಮಮ್ಮ ಉಳೀಲಿ ಅಂತ ನಾನೂ ಪ್ರಾರ್ಥನೆ ಮಾಡಿದ್ದೆ. ಯಾಕೆ ಉಳೀಲಿಲ್ಲ?"

ಮೇಷ್ಟ್ರು ತಲೆ ಎತ್ತಿದರು. ಈಗ ಪ್ರಸಂಗ ಶುರುವಾಗುತ್ತದೆ ಎಂದುಕೊಂಡರು. ಅಪ್ಪನ ಬಳಿ ಇಂಥದ್ದಕ್ಕೆ ಸಿದ್ಧವಾದ ಉತ್ತರವಿರುತ್ತಿತ್ತು.

"ನನಗೆ ಗೊತ್ತಿಲ್ಲ ಮಗೂ," ಎಂದಳು ಪಾದ್ರಿಯಮ್ಮ. ಎದ್ದು ಹೋಗಿ ಹುಡುಗಿಯ ಪಕ್ಕ ಕೂತಳು. ಗಂಟೆ ಹೊಡೆಯುವವರೆಗೂ ಅವಳ ಕೈ ಬಿಡಲಿಲ್ಲ.

ಮೇಷ್ಟ್ರ ಮನಸ್ಸು ಸೋತದ್ದು ಆ ಮೂರು ಪದಗಳಿಗೆ. ಆದರೆ ಅದನ್ನು ಹೇಳುವ ಬಾಯಿ ಅವರಿಗಿರಲಿಲ್ಲ. ಬೇಸಿಗೆ ಬಂತು, ಹೋಯಿತು. ಕೂಟ ಬೆಳೆದು ಬೆಂಚು ಸಾಲದಾಯಿತು.

ಸೆಪ್ಟೆಂಬರಿನಲ್ಲಿ ಅವಳು ಬೆಂಚು ಒರೆಸುತ್ತಾ ಹೇಳಿದಳು. "ಮುಂದಿನ ತಿಂಗಳು ಕೂಟ ನೋಡೋಕೆ ನಮ್ಮ ಸಂಘದ ಹಿರಿಯಮ್ಮ ಬರ್ತಾರೆ. ಅವತ್ತು ನಾನು ಹಿಂದೆ ಕೂತು ಬಾಯಿಗೆ ಬೀಗ ಹಾಕ್ಕೋಬೇಕು. ಮಕ್ಕಳೇ ಎಲ್ಲ ನಡೆಸಬೇಕು. ನಡೆಸಿಬಿಟ್ರೆ ಇಲ್ಲಿ ನನ್ನ ಕೆಲಸ ಮುಗೀತು, ಹೊಳೆಯಾಚೆಯ ಶಾಲೆಗೆ ಹೋಗ್ತೀನಿ."

"ನಡೆಸದಿದ್ರೆ?"

"ಇನ್ನೊಂದು ವರ್ಷ ಇಲ್ಲೇ."

"ಗೆದ್ದವರನ್ನ ಓಡಿಸೋದು! ಯಾವ ಸೀಮೆ ಕಾನೂನು ಇದು?"

"ನಮ್ಮ ಕಾನೂನೇ ಅದು. ನಾನಿಲ್ಲದೆಯೂ ನಡೀಬೇಕು." ಅವಳು ಒಂದೇ ಬೆಂಚನ್ನು ಮತ್ತೆ ಮತ್ತೆ ಒರೆಸುತ್ತಿದ್ದುದನ್ನು ಮೇಷ್ಟ್ರು ಗಮನಿಸಿದರು.

ಕೂಟ ನಡೆಸುವ ಹೊಣೆ ಗುಂಗುರು ಕೂದಲಿನ ಹುಡುಗಿ ಹೊತ್ತಳು. ಪರದೆಯ ಸೀಳಿನಿಂದ ಬರುವ ಬಿಸಿಲನ್ನು ಒಂದು ಪ್ರಿಸಮ್ಮಿನಿಂದ ಬಣ್ಣಬಣ್ಣವಾಗಿ ಬಿಡಿಸಿ, ಎರಡನೆಯದರಿಂದ ಮತ್ತೆ ಬಿಳಿ ಮಾಡಿ ತೋರಿಸಿ, ಆಮೇಲೆ ಮಾತಾಡುವುದು ಅವಳ ಯೋಚನೆ. ಹಿರಿಯಮ್ಮ ಬರುವ ಮಂಗಳವಾರದ ಹಿಂದಿನ ಗುರುವಾರ ಶಾಲೆ ಬಿಟ್ಟ ಮೇಲೆ ಅವಳು ಲ್ಯಾಬಿನಲ್ಲಿ ಅಭ್ಯಾಸ ಮಾಡುತ್ತಿದ್ದಳು. ಎರಡು ಪ್ರಿಸಮ್ಮನ್ನೂ ಒಂದೇ ದಿಕ್ಕಿಗೆ ಇಟ್ಟಿದ್ದಳು. ಬಣ್ಣಗಳು ಕೂಡುವ ಬದಲು ಇನ್ನಷ್ಟು ದೂರ ಸರಿದು ಗೋಡೆ ತುಂಬ ಚದುರಿದವು.

ಮೇಷ್ಟ್ರಿಗೆ ತಪ್ಪು ಕಂಡಿತು. ಅದರ ಜತೆಗೇ ಇನ್ನೊಂದು ವರ್ಷವೂ ಕಂಡಿತು. ಮಂಗಳವಾರಗಳು, ಟೀ, ಕಿವಿಯ ಬಳಿಯ ಪಿಸುಮಾತು. ಏನೂ ಮಾಡಬೇಕಾಗಿರಲಿಲ್ಲ, ಸುಮ್ಮನೆ ಚೀಲ ಹೆಗಲಿಗೇರಿಸಿ ಹೊರಟರಾಯಿತು. ಅವರು ಬಾಗಿಲವರೆಗೆ ಹೋದರು.

"ಸರ್, ಇದರಲ್ಲಿ ಏನು ತಪ್ಪಿದೆ?" ಹುಡುಗಿ ಕೇಳಿಯೇಬಿಟ್ಟಳು.

ಕೇಳಿದವರಿಗೆ ಉತ್ತರ ಕೊಡಬೇಕು. ವರ್ಷವಿಡೀ ಅದನ್ನೇ ಅಲ್ಲವೇ ಅವರು ನೋಡಿದ್ದು? ಮೇಷ್ಟ್ರು ಚೀಲ ಇಳಿಸಿದರು.

"ಎರಡನೆಯದನ್ನ ತಲೆಕೆಳಗು ಮಾಡಿ ಇಡು."

ಆ ಮಂಗಳವಾರ ಚಳಿ ಮರಳಿತ್ತು. ಆ ಋತುವಿನಲ್ಲಿ ಹೀಟರ್ ಹಾಕಿದ್ದು ಅದೇ ಮೊದಲು. ಹಿರಿಯಮ್ಮ ಕಿಟಕಿ ಬದಿ ಕೂತರು. ಪಾದ್ರಿಯಮ್ಮ ಹಿಂದಿನ ಬೆಂಚಿನಲ್ಲಿ, ಮೇಷ್ಟ್ರ ಪಕ್ಕ, ತುಟಿ ಬಿಗಿದು. ಹಾಡು ಮುಗಿಯಿತು. ಅಷ್ಟರಲ್ಲಿ ಹೊಸದಾಗಿ ಸೇರಿದ ಯಾರೋ ಉತ್ಸಾಹದಿಂದ ಕೆಟಲಿನ ಸ್ವಿಚ್ ಒತ್ತಿದರು.

ಕತ್ತಲು.

ಪಾದ್ರಿಯಮ್ಮ ಅರ್ಧ ಎದ್ದಳು. "ಕೂತ್ಕೊಳ್ಳಿ," ಎಂದು ಮೇಷ್ಟ್ರು ಅವಳ ತೋಳು ಹಿಡಿದರು. "ನೀವು ಕಲಿಸಿದ್ದು ಸಾಲ್ದಾ?"

ಗುಂಗುರು ಕೂದಲಿನ ಹುಡುಗಿ ನಕ್ಕಳು. "ಕೆಟಲ್ ಆಫ್ ಮಾಡಿ. ಫ್ಯೂಸ್ ಆಮೇಲೆ ನೋಡೋಣ, ಈಗ ಕತ್ತಲೇ ಒಳ್ಳೇದು."

ಪರದೆ ಸೀಳಿ ಬಂದ ಬಿಸಿಲು ಮೊದಲ ಪ್ರಿಸಮ್ಮಿಗೆ ಬಿತ್ತು. ದೀಪವಿದ್ದಿದ್ದರೆ ಮಂಕಾಗಿರುತ್ತಿದ್ದ ಬಣ್ಣಗಳು ಅವಳು ನಡುವೆ ಹಿಡಿದ ಬಿಳಿ ಹಾಳೆಯ ಮೇಲೆ ಉರಿದವು. ಹಾಳೆ ಸರಿಸಿದಳು. ಎರಡನೆಯ ಪ್ರಿಸಮ್ ದಾಟಿದ ಬೆಳಕು ಗೋಡೆಯ ಮೇಲೆ ಬೆಳ್ಳಗೆ ನಿಂತಿತು.

"ಅಮ್ಮ ಹೋದ ಮೇಲೆ ನಾನು ಹೀಗೆ ಚೂರುಚೂರಾಗಿದ್ದೆ," ಎಂದಳು ಹುಡುಗಿ. "ಯಾಕೆ ಹೋದಳು ಅಂತ ಇನ್ನೂ ಗೊತ್ತಿಲ್ಲ. ಆದರೆ ದೇವರು ಯಾರನ್ನೋ ಕಳಿಸಿ ನನ್ನ ಪಕ್ಕ ಕೂರಿಸಿದ. ಯಾರಿಗಾದರೂ ಪಕ್ಕ ಕೂರೋರು ಬೇಕಿದ್ದರೆ ಇನ್ನುಮೇಲೆ ನಾವಿದ್ದೀವಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೂಲೆಯಲ್ಲಿ ಒಬ್ಬ ಹುಡುಗ ಮೆಲ್ಲಗೆ ಕೈ ಎತ್ತಿದ. ಇಬ್ಬರು ಎದ್ದುಹೋಗಿ ಅವನ ಪಕ್ಕ ಕೂತರು.

ಕತ್ತಲಲ್ಲಿ ಪಾದ್ರಿಯಮ್ಮನ ಭುಜ ಅಲುಗುತ್ತಿತ್ತು. ಮೇಷ್ಟ್ರು ತೋಳು ಬಿಟ್ಟಿರಲಿಲ್ಲ. ಅವರ ಎದೆಯೂ ಉಬ್ಬಿ ಬಂದಿತ್ತು. ಇದು ನಮ್ಮವಳು ಬೆಳೆಸಿದ ಮಗು ಎಂದು ಶಾಲೆಗೆಲ್ಲ ಕೂಗಿ ಹೇಳಬೇಕೆನಿಸಿತು.

ಹಿರಿಯಮ್ಮ ಹೋಗುವಾಗ ಅವಳ ತಲೆ ನೇವರಿಸಿದರು. "ಇಲ್ಲಿ ನಿನ್ನ ಕೆಲಸ ಮುಗೀತು ಮಗಳೇ. ಚೆನ್ನಾಗಿ ಮುಗೀತು."

ಕೋಣೆ ಖಾಲಿಯಾಯಿತು. ಮೇಷ್ಟ್ರು ಪ್ರಿಸಮ್ಮುಗಳನ್ನು ಬಟ್ಟೆಯಲ್ಲಿ ಸುತ್ತುತ್ತಾ ಹೇಳಿದರು. "ಅವತ್ತು ಆ ಹುಡುಗಿ ತಪ್ಪಾಗಿ ಇಟ್ಟಿದ್ಲು. ಒಂದು ನಿಮಿಷ, ಹಾಗೇ ಇರಲಿ ಅಂತ ಬಯಸಿದ್ದೆ."

"ಒಂದು ನಿಮಿಷವಂತೆ!" ಅವಳು ಕಣ್ಣೊರೆಸಿಕೊಂಡು ನಕ್ಕಳು. "ನಾನು ಇವತ್ತು ಬೆಳಗಿಂದ ಅದನ್ನೇ ಬಯಸ್ತಿದ್ದೆ. ಅವಳು ಮಾತಾಡೋಕೆ ಶುರು ಮಾಡೋವರೆಗೂ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನಮ್ಮ ಷರತ್ತು ಮರೆತ್ರಾ ಮೇಷ್ಟ್ರೇ? ಕೇಳಿದವರಿಗೆ ಮಾತ್ರ ಉತ್ತರ." ಅವಳು ನೇರ ಅವರ ಕಣ್ಣಿಗೆ ಕಣ್ಣಿಟ್ಟಳು. "ವರ್ಷ ಪೂರ್ತಿ ಹಿಂದಿನ ಬೆಂಚಲ್ಲಿ ಕೂತ್ರಿ. ಒಂದು ದಿನ ಏನಾದ್ರೂ ಕೇಳಿದ್ರಾ?"

ಮೇಷ್ಟ್ರು ಬಟ್ಟೆಯ ಗಂಟು ಕೆಳಗಿಟ್ಟರು. ತರಗತಿಯ ಹುಡುಗನ ಹಾಗೆ ಕೈ ಎತ್ತಿದರು.

"ನನ್ನನ್ನ ಮದುವೆ ಆಗ್ತೀರಾ?"

"ಹೂಂ," ಎಂದಳು. ತಡವರಿಸಲಿಲ್ಲ, ತಲೆ ತಗ್ಗಿಸಲೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವರ ಭುಜಕ್ಕೆ ಕೆನ್ನೆ ಆನಿಸಿಕೊಂಡೇ ಕೇಳಿದಳು. "ಆದರೆ ಹೊಳೆಯಾಚೆಯ ಶಾಲೆ ತುಂಬ ದೂರ ಅಂತಾರಲ್ಲ?"

"ಶನಿವಾರ ಸೈಕಲ್ ಮೇಲೆ ಹೋಗಿ ನೋಡ್ಕೊಂಡು ಬಂದೆ."

"ಶನಿವಾರವೇ? ಮಕ್ಕಳು ಗೆಲ್ತಾರೋ ಇಲ್ವೋ ಅನ್ನೋದೇ ಗೊತ್ತಿರಲಿಲ್ಲವಲ್ಲ!"

"ನನಗೆ ಗೊತ್ತಿತ್ತು. ಯಾರು ಕಲಿಸಿದ್ದು ಅಂತ ನೋಡಿದ್ನಲ್ಲ."

ಸೈಕಲ್ಲಿನ ಚಕ್ರಕ್ಕೆ ಅವರು ದೂರ ಅಳೆಯುವ ಮೀಟರ್ ಕಟ್ಟಿಕೊಂಡು ಹೋಗಿದ್ದರು. ಲ್ಯಾಬಿನ ಬಾಗಿಲಿನಿಂದ ಆ ಶಾಲೆಯ ಗೇಟಿಗೆ ಹನ್ನೊಂದು ಕಿಲೋಮೀಟರ್, ನಾನ್ನೂರು ಮೀಟರ್.