ಪೌಡರ್ ಹಚ್ಚಿಕೊಂಡ ಲಾರಿ

ಕತ್ತಲಾಗುವುದರೊಳಗೆ ಹೊಸ ರಾಟೆಯನ್ನು ಕಣಿವೆಯ ಅಂಚಿಗೆ ಮುಟ್ಟಿಸಬೇಕಿತ್ತು. ಜನರನ್ನು ಕಣಿವೆ ದಾಟಿಸುವ ಹಗ್ಗದ ತೊಟ್ಟಿಲಿನ ಹಳೆಯ ರಾಟೆ ಒಡೆದು, ಆಚೆ ದಡದ ಶಾಲೆಯ ಟೀಚರಮ್ಮ ವಾರಗಟ್ಟಲೆ ಅಲ್ಲೇ ಉಳಿದುಬಿಟ್ಟಿದ್ದಳು. ಅವಳು ಲಾರಿ ಚಾಲಕನ ಹೆಂಡತಿ. ಹಾಗಾಗಿ ಬೇರೆ ಯಾರಿಗೂ ಬಿಡದೆ ಅವನೇ ಹೊರಟ. ಪಕ್ಕದಲ್ಲಿ ಅವಳ ತಂಗಿ, ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಹುಟ್ಟಿದಂತಿದ್ದ ಮೆಕ್ಯಾನಿಕ್. ಹಿಂದೆ ರಾಟೆಗೆ ಒರಗಿ ಗೊರಕೆ ಹೊಡೆಯುತ್ತಿದ್ದ ಫಿಟ್ಟರ್.

ದಾರಿ ಕಾಡನ್ನು ಸುತ್ತಿ ಸುತ್ತಿ ಬೆಟ್ಟವೇರಿತ್ತು. ಒಂದು ಕಡೆ ಪಾಚಿ ಹಿಡಿದ ಬಂಡೆ, ಇನ್ನೊಂದು ಕಡೆ ಮರಗಳ ತುದಿಗಳಷ್ಟೇ ಕಾಣುವ ಆಳ. ಅರ್ಧ ದಾರಿಗೇ ಕ್ಯಾಬಿನ್ನಿನಲ್ಲಿ ಡೀಸೆಲ್ ವಾಸನೆ ಅಡರಿತು. ಮೀಟರಿನ ಮುಳ್ಳು ಇಳಿಯತೊಡಗಿತ್ತು. ಚಾಲಕ ನಿಲ್ಲಿಸಿದಾಗಲೆಲ್ಲ ಎಂಜಿನ್ ಫಳಫಳ ಒರೆಸಿ, ಸೋರಿಕೆ ಹುಡುಕಿ, ಏನೂ ಕಾಣದೆ ಮುಂದೆ ಹೊರಟ. ಮನೆಯ ಪಾತ್ರೆಗಳಿಗಿಂತ ಎಂಜಿನ್ ಚೊಕ್ಕವಾಗಿರಬೇಕೆಂಬ ಹಟ ಅವನದು.

ಕಡಿದಾದ ತಿರುವಿನಲ್ಲಿ ಎಂಜಿನ್ ಕೆಮ್ಮಿ ಸತ್ತಿತು.

ಲಾರಿ ಹಿಂದಕ್ಕೆ ಜಾರಿತು.

ಅವನು ಬ್ರೇಕನ್ನು ಜೀವ ಬಿಟ್ಟು ತುಳಿದ. ನಾದಿನಿ ಧುಮುಕಿ ಚಕ್ರದಡಿ ಕಲ್ಲು ತಳ್ಳಿದಳು. ಲಾರಿ ನಿಂತಿತು.

ಅವನು ಅಭ್ಯಾಸಬಲದಿಂದ ಮತ್ತೆ ಎಂಜಿನ್ ಒರೆಸುವ ಬಟ್ಟೆ ಕೈಗೆತ್ತಿಕೊಂಡ.

"ಭಾವ, ಅದನ್ನ ಇಲ್ಲಿ ಕೊಡಿ," ಎಂದು ಅವಳು ಕಿತ್ತುಕೊಂಡಳು. "ಎಲ್ಲಿ ಸೋರ್ತಿದೆ ಅನ್ನೋ ಗುರುತನ್ನೆಲ್ಲ ನೀವೇ ಒರೆಸಿ ಹಾಕ್ತಿದ್ದೀರಿ."

ಅವನ ಮುಖ ಸಣ್ಣಗಾಯಿತು. ಪೌಡರ್ ಇದೆಯೇ ಎಂದು ಅವಳು ಕೇಳಿದಾಗ ಇನ್ನೂ ಸಣ್ಣಗಾಯಿತು. ಹೆಂಡತಿಯ ಎದುರು ಲಕ್ಷಣವಾಗಿ ನಿಲ್ಲಲು ತಂದ ಡಬ್ಬಿ ಚೀಲದಿಂದ ಹೊರಬಂತು. ಅವಳು ನಗು ನುಂಗಿಕೊಂಡು ಪೈಪುಗಳ ಮೇಲೆಲ್ಲ ಉದುರಿಸಿ, ಡೀಸೆಲ್ಲಿನ ಕೈಪಂಪ್ ಒತ್ತಿದಳು. ಫಿಲ್ಟರಿನ ಬೋಲ್ಟಿನ ಕೆಳಗೆ ಬಿಳಿ ಪುಡಿಯಲ್ಲಿ ತೆಳುವಾದ ಒದ್ದೆ ಗೆರೆ ಇಳಿಯಿತು.

ಬೋಲ್ಟಿನ ತಾಮ್ರದ ವಾಷರ್ ಗಡುಸಾಗಿ, ಸಂದು ಮುಚ್ಚದೆ ಸೋರುತ್ತಿತ್ತು. ಬೇರೆ ಇರಲಿಲ್ಲ. ಅವಳು ಅದನ್ನು ಒರೆಸಿ, ಲಾರಿಯಿಂದ ದೂರ ಒಯ್ದು, ಚಹಾ ಕಾಯಿಸಲು ಲಾರಿಯಲ್ಲಿಟ್ಟಿದ್ದ ಸ್ಟೌವಿನ ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿದಳು. ಮೆತ್ತಗಾದ ತಾಮ್ರ ಬಿಗಿಯಾಗಿ ಕೂತಿತು. ಡೀಸೆಲ್ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದ ಮೇಲೆ ಎಂಜಿನ್ ಗುಡುಗಿತು. ಬೋಲ್ಟಿನ ಮೇಲೆ ಮತ್ತೆ ಉದುರಿಸಿದ ಪುಡಿ ಒಣಗಿಯೇ ಉಳಿಯಿತು.

ಬಿಸಿಲು ಆಚೆ ದಡದಲ್ಲಿ ಇನ್ನೂ ಉಳಿದಿರುವಾಗಲೇ ಅಂಚು ತಲುಪಿದರು. ಫಿಟ್ಟರ್ ಕಣ್ಣುಜ್ಜಿಕೊಂಡು ಎದ್ದವನೇ ಚುರುಕಾಗಿ ರಾಟೆ ಕೂರಿಸಿದ. ಖಾಲಿ ತೊಟ್ಟಿಲು ಎರಡು ಸಲ ಹೋಗಿಬಂತು. ಮೂರನೆಯ ಸಲ ಅದರಲ್ಲಿ ಟೀಚರಮ್ಮ ಇದ್ದಳು. ಅವಳ ಕಾಲು ನೆಲಕ್ಕೆ ತಾಗುವವರೆಗೂ ಚಾಲಕ ಉಸಿರು ಬಿಡಲಿಲ್ಲ.

ಇಳಿಜಾರಿನಲ್ಲಿ ಲಾರಿ ನಿಧಾನವಾಗಿ ಇಳಿಯಿತು. ಇಬ್ಬರ ನಡುವೆ ಕೂತಿದ್ದ ಹೆಂಡತಿ, ತಂಗಿಯಿಂದ ನಡೆದದ್ದೆಲ್ಲ ಕೇಳಿ, ಕೆಟ್ಟ ಲಾರಿಯಲ್ಲಿ ಇಷ್ಟು ಅವಸರ ಮಾಡಿ ಬರಬೇಕಿತ್ತೇ, ರಿಪೇರಿ ಮಾಡಿಸಿ ನಾಳೆ ಬಂದಿದ್ದರೆ ಏನಾಗುತ್ತಿತ್ತು ಎಂದು ತರಾಟೆಗೆ ತೆಗೆದುಕೊಂಡಳು.

ಚಾಲಕ ರಸ್ತೆಯಿಂದ ಕಣ್ಣು ಕೀಳಲಿಲ್ಲ. "ಮನೇಲಿ ಇನ್ನೊಂದು ದಿನ ಒಬ್ಬನೇ ಇರೋಕೆ ಆಗ್ತಿರಲಿಲ್ಲ ಕಣೆ."

ಅವಳು ಬೈಗುಳ ಬಿಟ್ಟು ಅವನ ಭುಜಕ್ಕೆ ಒರಗಿದಳು. ನಾದಿನಿ ಕಿಟಕಿಯತ್ತ ತಿರುಗಿ ಕಾಡು ನೋಡತೊಡಗಿದಳು.