ಬಂಗುಡೆ ಹೊಟ್ಟೆಯಲ್ಲಿ ಬಸ್ ಟಿಕೆಟ್

ಭಾನುವಾರ ಬೆಳಿಗ್ಗೆ 9.40ಕ್ಕೆ ಪುಟ್ಟತಾಯಮ್ಮ ಕುಣಿಗಲ್ ಠಾಣೆಗೆ ಬಂದು ಇನ್ಸ್‌ಪೆಕ್ಟರ್ ಅನಂತರಾಜು ಮೇಜಿನ ಮೇಲೆ ಸ್ಟೀಲ್ ಡಬ್ಬಿ ಕುಕ್ಕಿದರು. ಒಳಗೆ ಸೀಳಿದ ಬಂಗುಡೆ ಮೀನು. ಅದರ ಹೊಟ್ಟೆಯಲ್ಲಿ ಎರಡು ಶಾಂಪೂ ಪ್ಯಾಕೆಟ್ಟು, ಒಂದು ಮುದುಡಿದ ಚೀಟಿ.

"ಸಮುದ್ರದ ಮೀನು ಅಂತ ಕಸ ಮಾರ್ತವ್ನೆ ಸಾ, ಆ ಸಂತೋಷ! ಅಂಗ್ಡಿ ಮುಚ್ಸಿ."

ಅದೇ ಅಂಗಡಿಯ ಬಂಗುಡೆ ಅನಂತರಾಜು ಮನೆಯಲ್ಲೂ ಆಗ ಹುರಿಯುತ್ತಿತ್ತು. ಹೆಂಡತಿಗೆ ಫೋನ್ ಮಾಡಿ ಒಲೆ ಆರಿಸಲು ಹೇಳಿದ ಮೇಲೆಯೇ ಎಫ್‌ಐಆರ್‌ಗೆ ಕೈಹಾಕಿದರು.

10.30ಕ್ಕೆ ಅಂಗಡಿಯಲ್ಲಿ ಪಂಚನಾಮೆ. ಪಂಚರಿಬ್ಬರೂ ಮೂಗು ಮುಚ್ಚಿಕೊಂಡೇ ಸಹಿ ಹಾಕಿದರು. ಮೀನು ಶನಿವಾರ ಮಂಗಳೂರಿನಿಂದ ಬಂದದ್ದೆಂದು ಸಂತೋಷ್ ಬಿಲ್ ತೋರಿಸಿದ. ಅಂಗಡಿ ತೆರೆದು ಮೂರೇ ತಿಂಗಳು. ಬೀಗ ಬಿದ್ದರೆ ಮತ್ತೆ ಹಿರೇಹಳ್ಳಿ ಫ್ಯಾಕ್ಟರಿ ಕೆಲಸವೇ ಗತಿ ಎಂದು ಗೋಗರೆದ.

ಕಾನ್‌ಸ್ಟೇಬಲ್ ತೇಜಸ್ವಿನಿ ಚೀಟಿ ಬಿಡಿಸಿದಳು. "ಬಸ್ ಟಿಕೆಟ್ ಸಾರ್. ಕೊತ್ತಗೆರೆಯಿಂದ ಕುಣಿಗಲ್. ಇವತ್ತು ಬೆಳಿಗ್ಗೆ 6.50."

"ನಿನ್ನೆ ಬಂದ ಮೀನು ಇವತ್ತು ಬಸ್ ಹತ್ತಿತಾ?"

"ದುಡ್ಡೂ ಕೊಟ್ಟಿಲ್ಲ ಸಾರ್. ಹೆಂಗಸ್ರ ಫ್ರೀ ಟಿಕೆಟ್."

ಅನಂತರಾಜು ಸಂತೋಷನತ್ತ ತಿರುಗಿದರು. "ಬೆಳಿಗ್ಗೆ ಐಸ್ ಪೆಟ್ಟಿಗೆ ಮುಟ್ಟಿದ ಹೆಂಗಸು ಯಾರು?"

"ಎದುರುಗಡೆ ಕೆರೆ ಮೀನು ಮಾರೋ ಹನುಮಕ್ಕ ಸಾರ್, ಕೊತ್ತಗೆರೆಯವ್ರು. ದಿನಾ ಐಸ್ ತಗೋತಾರೆ, ಪಾಪ ಅಂತ ನಾನೇ ಬಿಟ್ಟಿದೀನಿ. ಪುಟ್ಟತಾಯಮ್ಮನಿಗೆ ಎತ್ತಿಟ್ಟ ಮೀನೂ ಅದ್ರಲ್ಲೇ ಇತ್ತು."

11.15. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರೆ. ರಸ್ತೆಯಾಚೆ ಕೂತಿದ್ದ ಹನುಮಕ್ಕ ಮಾತ್ರ ನೆಮ್ಮದಿಯಾಗಿ ಎಲೆಗೆ ಸುಣ್ಣ ಸವರುತ್ತಿದ್ದಳು.

"ಬೆಳಿಗ್ಗೆ ಬಂದ ಬಸ್ಸಿನ ಟಿಕೆಟ್ ಎಲ್ಲಿ ಅಮ್ಮ?" ಅನಂತರಾಜು ಕೇಳಿದರು.

"ಎಲೆಅಡಿಕೆ ಚೀಲ್ದಾಗೆ ಜೋಪಾನವಾಗಿ ಮಡಗಿದೀನಿ. ಚೆಕಿಂಗ್ನೋರು ಕೇಳಿದ್ರೆ ಬೇಕಲ್ಲ."

ಚೀಲ ಕೊಡವಿದಳು. ಎಲೆ ಬಿತ್ತು, ಅಡಿಕೆ ಬಿತ್ತು, ಇನ್ನೊಂದು ಶಾಂಪೂ ಪ್ಯಾಕೆಟ್ಟೂ ಬಿತ್ತು. ಟಿಕೆಟ್ ಮಾತ್ರ ಬೀಳಲಿಲ್ಲ.

"ಅಯ್ಯೋ ನನ್ ಬುದ್ಧಿಗಿಷ್ಟು! ಕಸದ್ ಜೊತೆ ಅದ್ನೂ ತುರುಕ್‌ಬುಟ್ನಾ?"

"ಸಂತೋಷ ಏನ್ ಮಾಡಿದ್ದ ನಿಂಗೆ?"

"ಅವ್ನೇನೂ ಮಾಡಿಲ್ಲ, ಒಳ್ಳೆ ಹೈದ." ಹನುಮಕ್ಕನ ದನಿ ತಗ್ಗಿತು. "ಪುಟ್ಟತಾಯಿ ಇಪ್ಪತ್ ವರ್ಷ ಭಾನುವಾರ ನನ್ ತಾವ ಬರೋದು ತಪ್ಪಿಸ್ದೋಳಲ್ಲ. ಮೀನು ಚಿಕ್ಕದು, ಮುಳ್ಳು ಜಾಸ್ತಿ ಅಂತ ಬೈಕೊಂಡೇ ತಗೊಂಡೋಗೋಳು. ಈ ಬಂಗುಡೆ ಬಂದ್ಮ್ಯಾಕೆ ಬೈಯಕ್ಕೂ ಬರ್ಲಿಲ್ಲ ಸಾ."

12.05ಕ್ಕೆ ಬಂಧನವೆಂದು ತೇಜಸ್ವಿನಿ ಬರೆದುಕೊಂಡಳು. ಸಂತೋಷನ ಅಂಗಡಿಗೆ ಬೀಗ ಬೀಳಲಿಲ್ಲ. ಅನಂತರಾಜು ಮನೆಗೆ ಫೋನ್ ಮಾಡಿ, ಒಲೆ ಹಚ್ಚಬಹುದು ಎಂದರು.

ಠಾಣೆಯಲ್ಲಿ ಜಾಮೀನಿಗೆ ಯಾರಿದ್ದಾರೆ ಎಂದು ಕೇಳಿದಾಗ ಹನುಮಕ್ಕ ಯಾರೂ ಇಲ್ಲವೆಂದಳು. ತೇಜಸ್ವಿನಿಯಿಂದ ಎಲ್ಲವನ್ನೂ ಕೇಳಿ ತಿಳಿದಿದ್ದ ಪುಟ್ಟತಾಯಮ್ಮ ಬೆಂಚಿನಿಂದ ಎದ್ದು ಬಂದು, ಪೆನ್ನು ಕಿತ್ತುಕೊಂಡು ಸಹಿ ಹಾಕಿದರು.

"ನಾಚ್ಕೆ ಆಗಲ್ವೇನೇ ನಿಂಗೆ? ಕಸ ತುಂಬೋಕೂ ಚಿಕ್ ಮೀನೇ ಆರಿಸಿದೀಯಲ್ಲೇ!"

ಮೂರು ತಿಂಗಳ ಮೇಲೆ ಬೈಸಿಕೊಂಡ ಹನುಮಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು.