ಹೊನ್ನಿಯ ನಿದ್ದೆ

ಬಹಳ ಹಿಂದೆ, ಬಿಸಿಲು ಕೂಡ ಅಪ್ಪಣೆ ಕೇಳಿ ಬೀಳುತ್ತಿದ್ದ ಕರಿಗೋಟೆ ರಾಜ್ಯದಲ್ಲಿ ಉರಿಗಯ್ಯನೆಂಬ ಮಾಯಾವಿ ಬೀಗದಂಗಡಿ ಇಟ್ಟಿದ್ದ. ಕೆಲಸ ಕಲಿಯಲು ಬಂದವರ ನಿದ್ದೆಯನ್ನು ಮೊದಲ ದಿನವೇ ಕಿತ್ತು, ಒಂದೊಂದು ಬೀಗದಲ್ಲಿಟ್ಟು ಗೋಡೆಗೆ ನೇತುಹಾಕುತ್ತಿದ್ದ. ನಿದ್ದೆಯಿಲ್ಲದವರು ಹಗಲಿರುಳೂ ದುಡಿಯುತ್ತಾರೆ. ಕೆಲವರು ಹಾಗೇ ಸತ್ತರು. ಅವರ ಬೀಗಗಳು ಗೋಡೆಯಲ್ಲೇ ಉಳಿದವು.

ಅಲ್ಲಿ ಕೆಲಸ ಕಲಿಯುತ್ತಿದ್ದ ಹೊನ್ನಿ, ಸಾಯುವ ಮೊದಲು ಬೇರೆ ಕೆಲಸ ನೋಡಿಕೊಳ್ಳೋಣವೆಂದು ಸಂಕವ್ವನ ಕೌದಿ ಅಂಗಡಿಗೆ ಹೋದಳು.

"ಕೈ ಚೆನ್ನಾಗಿದೆ," ಎಂದಳು ಸಂಕವ್ವ. "ಆದರೆ ನಿದ್ದೆಯಿಲ್ಲದವಳು ಹೊಲಿದ ಕೌದಿ ಹೊದ್ದರೆ ಯಾರಿಗೂ ನಿದ್ದೆ ಹತ್ತಲ್ಲ ಮಗಳೇ. ನಿನ್ನದನ್ನ ಬಿಡಿಸ್ಕೊಂಡು ಬಾ."

ಹೊನ್ನಿ ಹೋಗಿ ತನ್ನ ನಿದ್ದೆ ವಾಪಸ್ ಕೇಳಿದಾಗ ಉರಿಗಯ್ಯ ನಕ್ಕ. "ಹೋಗ್ತೀಯಾ? ಹೋಗು ತಾಯಿ. ಮೂರು ಕೆಲಸ ಮಾಡಿಕೊಟ್ಟು ಹೋಗು."

ಮೊದಲನೆಯದು, ಬಾಗಿಲು ಕಾಯುವ ಕಬ್ಬಿಣದ ಮೊಸಳೆಯ ದವಡೆಗೆ ಎಣ್ಣೆ ಹಾಕುವುದು. ಹಿಂದೆ ಹಾಕಹೋದವರ ಕೈಗಳು ಅದರ ಹೊಟ್ಟೆಯಲ್ಲಿದ್ದವು. ಹೊನ್ನಿ ಅದರ ಮೂತಿಗೆ ಬೀಗ ಜಡಿದು, ಹೊರಗಿನಿಂದಲೇ ಎಣ್ಣೆ ಬಿಟ್ಟಳು.

ಎರಡನೆಯದು, ಅವನ ಮಾಯದ ಗೂಬೆಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚದೆ ಕೂರುವುದು. ಗೂಬೆ ಸೋತಿತು. ನಿದ್ದೆ ಕಿತ್ತುಕೊಂಡವನೇ ಈ ಪರೀಕ್ಷೆ ಇಟ್ಟಿದ್ದ. ಮಾಯಾವಿಗಳಿಗೆ ಬುದ್ಧಿಯೂ ಇರಬೇಕೆಂದು ಯಾರೂ ಹೇಳಿಲ್ಲ.

"ಈಗ ನನ್ನಿಂದ ತೆಗೆಯಲಾಗದ ಬೀಗ ಮಾಡು," ಎಂದ ಉರಿಗಯ್ಯ. ಅವನ ಮಂತ್ರಕ್ಕೆ ತೆರೆಯದ ಬೀಗವಿರಲಿಲ್ಲ.

ಹೊನ್ನಿ ಮಾಡಿ ಕತ್ತಲೆಕೋಣೆಯ ಬಾಗಿಲಿಗೆ ಕೂರಿಸಿದಳು. ಹೊಸ ಬೀಗವನ್ನು ಶಿಷ್ಯರು ಹೊರಗಿನಿಂದ ಹಾಕುವುದು, ಯಜಮಾನ ಒಳಗಿನಿಂದ ತೆಗೆದು ನೋಡುವುದು ಅಲ್ಲಿನ ವಾಡಿಕೆ. ಸಂದಿ ಉಳಿದಿದ್ದರೆ ಒಳಗಿನ ಕತ್ತಲಲ್ಲಿ ಬೆಳಕೇ ತೋರಿಸಿಕೊಡುತ್ತದೆ. ಉರಿಗಯ್ಯ ಎಂದಿನಂತೆ ಒಳಗೆ ಹೋದ. ಹೊನ್ನಿ ಬೀಗ ಹಾಕಿದಳು.

ಅವನು ಮಂತ್ರ ಹೇಳಿದ. ಇನ್ನೊಂದು ಹೇಳಿದ. ಆಮೇಲೆ ಬಾಗಿಲು ಬಡಿದ.

"ಹೊನ್ನೀ, ಕೀಲಿಕೈ ಎಲ್ಲೇ?"

"ಮಾಡಿಲ್ಲ ಯಜಮಾನರೇ. ತೆರೆಯೋ ಭಾಗಾನೇ ಇಟ್ಟಿಲ್ಲ. ನೀವು ಕೇಳಿದ್ದು ಅದನ್ನೇ ಅಲ್ವಾ?"

ಅವನ ಕಣ್ಣೆದುರು ಆ ಗೋಡೆಯತ್ತ ಯಾರ ಕೈಯೂ ಏಳುತ್ತಿರಲಿಲ್ಲ. ಈಗ ಹೊನ್ನಿ ಸುತ್ತಿಗೆಯೆತ್ತಿ ಬೀಗಗಳನ್ನೆಲ್ಲ ಒಡೆದಳು. ನಿದ್ದೆಗಳು ಬೂದು ಬೆಕ್ಕುಗಳಂತೆ ಕೆಳಗಿಳಿದು, ಮೈ ಮುರಿದು, ತಮ್ಮವರನ್ನು ಹುಡುಕಿಕೊಂಡು ಹೋದವು. ಒಂದು ಹೊನ್ನಿಯ ಹಿಂದೆ ಬಂತು.

"ಬಂದೆ ಅವ್ವಾ," ಎಂದವಳೇ ಅವಳು ಕೌದಿ ರಾಶಿಯ ಮೇಲೆ ಬಿದ್ದಳು.

"ಮೆಲ್ಲಗೆ ಮಾತಾಡ್ರಪ್ಪಾ," ಎಂದಳು ಸಂಕವ್ವ ಗಿರಾಕಿಗಳಿಗೆ. "ಹೊಸಬಳು ಕೆಲಸಕ್ಕೆ ಬಂದಿದ್ದಾಳೆ."

ಸತ್ತವರ ನಿದ್ದೆಗಳು ಊರೆಲ್ಲ ಅಲೆದವು. ಯಾರೂ ಸಿಗದೆ ಅಂಗಡಿಗೇ ಮರಳಿ, ಬಾಗಿಲ ಕೆಳಗಿನಿಂದ ಒಂದೊಂದಾಗಿ ಕತ್ತಲೆಕೋಣೆಯೊಳಗೆ ನುಸುಳಿದವು. ಬಡಿತ ನಿಂತಿತು.

ಉರಿಗಯ್ಯ ಇನ್ನೂ ಎದ್ದಿಲ್ಲ. ಕರಿಗೋಟೆಯ ಜನ ಅದನ್ನೇ ಸುಖವೆಂದುಕೊಂಡು ಬಾಳಿದರು.